ಮಳೆ ಎಣಿಸುವ ಊರಲ್ಲಿ ಒದೆತ ಎಣಿಸಿದರೆ ನಗುವುದೇಕೆ?

ಬಂದ ಪತ್ರ: "ಸಂಪಾದಕರೇ, ಬಸುರಿಯರು ಕೊನೆಯ ಮೂರು ತಿಂಗಳು ಮಗುವಿನ ಒದೆತ ಎಣಿಸಬೇಕು ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಅದನ್ನು ಓದಿ ನನ್ನ ಸೊಸೆ ದಿನಾ ರಾತ್ರಿ ಊಟ ಆದ ಮೇಲೆ ಮೊಬೈಲ್ ಹಿಡಿದು ಒಂದು, ಎರಡು ಅಂತ ಎಣಿಸುತ್ತಾ ಮಲಗುತ್ತಾಳೆ. ಅವಳಿಗೀಗ ಎಂಟನೇ ತಿಂಗಳು. ನಾವೆಲ್ಲ ತೋಟದ ಕೆಲಸ ಮಾಡಿಕೊಂಡೇ ಹೆತ್ತವರು, ಯಾರೂ ಏನೂ ಎಣಿಸಲಿಲ್ಲ. ದಿನ ತುಂಬುತ್ತಾ ಬಂದ ಹಾಗೆ ಮಗು ಆಡುವುದು ಕಡಿಮೆಯಾಗುವುದು ಸಹಜ. ಸುಮ್ನೆ ಹುಡುಗಿಯರನ್ನು ಹೆದರಿಸಬೇಡಿ. ಅಂದ ಹಾಗೆ, ನಮ್ಮಲ್ಲಿ ಜೂನ್ ತಿಂಗಳ ಮಳೆ 31 ಇಂಚು 40 ಸೆಂಟು (ನೂರು ಸೆಂಟಿಗೆ ಒಂದು ಇಂಚು). ಹೋದ ವರ್ಷಕ್ಕಿಂತ ಐದು ಇಂಚು ಜಾಸ್ತಿ." (ನಿವೃತ್ತ ಶಿಕ್ಷಕಿ, ಸೋಮವಾರಪೇಟೆ ತಾಲ್ಲೂಕು, ಕೊಡಗು)

ಟೀಚರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು. ಎರಡನೇ ಸಲ ಕೊನೆಯ ಸಾಲಿಗೆ ಬಂದಾಗ ನಗು ತಡೆಯಲಾಗಲಿಲ್ಲ. 31 ಇಂಚು 40 ಸೆಂಟು! ಅಂದರೆ ನಿಮ್ಮ ಅಂಗಳದಲ್ಲೂ ಮಳೆ ಅಳೆಯುವ ಡಬ್ಬಿ ಇದೆ. ಯಾರೋ ಒಬ್ಬರು ದಿನಾ ಬೆಳಿಗ್ಗೆ ಕೊಪ್ಪೆ ಹಾಕಿಕೊಂಡು, ಜಿಗಣೆ ಕೊಡವಿಕೊಂಡು ಹೋಗಿ, ಗಾಜಿನ ಅಳತೆಯಲ್ಲಿ ನೀರು ನೋಡಿ, ಡೈರಿಯಲ್ಲಿ ಬರೆಯುತ್ತಾರೆ. ನನ್ನ ಮಾವನವರೂ ಹಾಗೇ. ಅವರ ಡೈರಿಯಲ್ಲಿ ಮೊಮ್ಮಕ್ಕಳ ಹುಟ್ಟಿದ ದಿನ ಇಲ್ಲ, ಆದರೆ ಆ ದಿನ ಎಷ್ಟು ಸೆಂಟು ಬಿತ್ತು ಅನ್ನುವುದು ಇದೆ. ಆಕಾಶದಿಂದ ಬೀಳುವುದನ್ನು ಸೆಂಟು ಲೆಕ್ಕದಲ್ಲಿ ಬರೆದಿಡುವ ಜನ ನಾವು. ಸೊಸೆ ಹೊಟ್ಟೆಯೊಳಗಿನದನ್ನು ಎಣಿಸಿದರೆ ಮಾತ್ರ ಹುಚ್ಚು ಅನ್ನಿಸುತ್ತದಾ?

ನಿಮ್ಮ ಮಾತಲ್ಲಿ ಹುರುಳೇ ಇಲ್ಲ ಅಂತ ನಾನು ಹೇಳುವುದಿಲ್ಲ. 1989ರಲ್ಲಿ ಸುಮಾರು 68,000 ಬಸುರಿಯರ ಮೇಲೆ ನಡೆದ ಒಂದು ದೊಡ್ಡ ಅಧ್ಯಯನ ಬಂತು. ಎಲ್ಲರೂ ದಿನಾ ಕಡ್ಡಾಯವಾಗಿ ಎಣಿಸಿದರೆ ಹೊಟ್ಟೆಯಲ್ಲೇ ಮಗು ಸಾಯುವುದು ಕಡಿಮೆಯಾಗುತ್ತದಾ ಅಂತ ನೋಡಿದರು. ಆಗಲಿಲ್ಲ. ಕೆಲವು ಹೆಂಗಸರಿಗೆ ಎಣಿಕೆಯಿಂದ ಗಾಬರಿ ಜಾಸ್ತಿಯಾಗುವುದೂ ಇದೆ. ಇಷ್ಟನ್ನು ನಿಮಗೆ ಬಿಟ್ಟುಕೊಟ್ಟೆ.

ಆದರೆ ಡೈರಿಯಲ್ಲಿ ಬರೆದ ಮಾತ್ರಕ್ಕೆ ಮಳೆಯೂ ಬರುವುದಿಲ್ಲ ಅಲ್ವಾ? ಕಾಫಿ ಹೂ ಅರಳಿಸುವ ಹೂಮಳೆ ಆದ ಮೇಲೆ, ಕಾಯಿ ಕಚ್ಚಲು ಬೇಕಾದ ಬ್ಯಾಕಿಂಗ್ ಮಳೆ ಬರದೆ ಎಷ್ಟು ದಿನ ಆಯಿತು, ಸ್ಪ್ರಿಂಕ್ಲರ್ ಹಾಕಬೇಕಾ ಬೇಡವಾ ಅಂತ ಗೊತ್ತಾಗಲಿ ಅಂತ ಬರೆಯುತ್ತೀರಿ. ಒದೆತದ ಎಣಿಕೆಯೂ ಅದೇ ಲೆಕ್ಕ. ಹತ್ತು ಅನ್ನುವ ಸಂಖ್ಯೆಯಲ್ಲಿ ಮಂತ್ರ ಏನಿಲ್ಲ. 1970ರ ದಶಕದಲ್ಲಿ ವೇಲ್ಸ್‌ನ ಕಾರ್ಡಿಫ್‌ನಲ್ಲಿ ವೈದ್ಯರು 'ಹತ್ತರವರೆಗೆ ಎಣಿಸಿ' ಅಂತ ಒಂದು ಚೀಟಿ ಮಾಡಿ ಕೊಟ್ಟರು, ಅಲ್ಲಿಂದ ಹಬ್ಬಿತು. ಈಗ ಸಾಮಾನ್ಯವಾಗಿ ಹೇಳುವುದು ಇಷ್ಟು: ಊಟ ಆದ ಮೇಲೆ ಮಗ್ಗುಲಾಗಿ ಮಲಗಿ, ಎರಡು ಗಂಟೆಯೊಳಗೆ ಹತ್ತು ಸಲ ಆಡಿತಾ ನೋಡಿ. ಬಹಳ ಸಲ ಅರ್ಧ ಗಂಟೆಯಲ್ಲೇ ಹತ್ತು ಮುಗಿದಿರುತ್ತದೆ. ಮುಖ್ಯ ಏನೆಂದರೆ, ಹೀಗೆ ದಿನಾ ಗಮನ ಕೊಟ್ಟ ಹುಡುಗಿಗೆ ತನ್ನ ಮಗುವಿನ ಚಾಳಿ ಗೊತ್ತಾಗುತ್ತದೆ. ಯಾವಾಗ ನಿದ್ದೆ, ಯಾವಾಗ ಕುಣಿತ, ಎಲ್ಲಾ. ಚಾಳಿ ತಪ್ಪಿದ ದಿನ ಮೊದಲು ಗೊತ್ತಾಗುವುದೂ ಅವಳಿಗೇ. ಸ್ಕ್ಯಾನಿಂಗ್ ಮೆಷಿನ್ನಿಗಲ್ಲ.

ಇನ್ನು 'ದಿನ ತುಂಬುತ್ತಾ ಬಂದ ಹಾಗೆ ಆಡುವುದು ಕಡಿಮೆ' ಅಂದಿರಲ್ಲ, ಅಲ್ಲೇ ನಮ್ಮ ಜಗಳ. ಅದು ತಪ್ಪು ಟೀಚರೇ. ಜಾಗ ಬಿಗಿಯಾಗುತ್ತದೆ, ನಿಜ. ಹಾಗಾಗಿ ಫುಟ್ಬಾಲ್ ಒದ್ದ ಹಾಗೆ ಒದೆಯುವುದು ಹೋಗಿ ಹೊರಳುವುದು, ಒತ್ತುವುದು, ಮೊಣಕೈ ತಿವಿಯುವುದು ಶುರುವಾಗುತ್ತದೆ. ಆಟದ ರೀತಿ ಬದಲಾಗುತ್ತದೆ, ಆಟ ನಿಲ್ಲುವುದಿಲ್ಲ. ಹೆರಿಗೆ ನೋವು ಬರುವವರೆಗೂ, ನೋವಿನ ನಡುವೆಯೂ ಮಗು ಆಡುತ್ತಲೇ ಇರಬೇಕು. ಒಳಗೆ ಅದು ಒಂದು ಸಲಕ್ಕೆ ಇಪ್ಪತ್ತರಿಂದ ನಲವತ್ತು ನಿಮಿಷ ಮಲಗುತ್ತದೆ, ಒಂದೂವರೆ ಗಂಟೆ ದಾಟುವುದು ಅಪರೂಪ. ಬೆಳಿಗ್ಗೆಯಿಂದ ಸಂಜೆವರೆಗೆ ಸದ್ದಿಲ್ಲ ಅಂದರೆ ಅದು ನಿದ್ದೆ ಅಲ್ಲ.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. 1996ರ ಜುಲೈ, ಕೊಡವರ ಕಕ್ಕಡ ತಿಂಗಳ ಜಡಿಮಳೆ. ನನಗೆ 35ನೇ ವಾರ. ನನ್ನ ಮಗು ಎಂಥ ಪುಂಡು ಅಂದರೆ, ಹೊಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡು ಕಡಂಬಿಟ್ಟು (ಅಕ್ಕಿ ತರಿಯ ಉಂಡೆ) ತಿನ್ನುತ್ತಿದ್ದರೆ ಸ್ಟೀಲ್ ತಟ್ಟೆ ಟಣ್ ಅಂತ ಹಾರುತ್ತಿತ್ತು, ಸಾರು ಸೀರೆಗೆ ಚೆಲ್ಲುತ್ತಿತ್ತು. ಒಂದು ರಾತ್ರಿ ತಟ್ಟೆ ಅಲುಗಲಿಲ್ಲ. ಅತ್ತೆಗೆ ಹೇಳಿದೆ. ನಿಮ್ಮ ಮಾತನ್ನೇ ಅವರೂ ಹೇಳಿದರು: ಜಾಗ ಸಾಲದೆ ಸುಮ್ಮನಿದೆ, ಮಲಗು. ನಾನು ಓದಿದವಳು, ಆದರೂ ಮಲಗಿದೆ. ಮಾರನೇ ದಿನ ಮಧ್ಯಾಹ್ನದವರೆಗೆ ಮೂರೇ ಮೂರು ಸಲ, ಅದೂ ಬಟ್ಟೆಯೊಳಗೆ ಯಾರೋ ಬೆರಳು ಆಡಿಸಿದ ಹಾಗೆ. ಜೀಪು ಹತ್ತಿದೆವು. ಅರ್ಧ ದಾರಿಯಲ್ಲಿ ಮರ ಬಿದ್ದಿತ್ತು, ಕೊಯ್ದು ಎಳೆಯಲು ಎರಡು ಗಂಟೆ. ಆಸ್ಪತ್ರೆಯಲ್ಲಿ ನರ್ಸಮ್ಮ ಕಾರ್ಡು ನೋಡಿ, "ಮೊದಲನೇ ಹೆರಿಗೆ ಅಲ್ವಾ, ಎಲ್ಲರಿಗೂ ಹೀಗೇ ಅನ್ಸುತ್ತೆ, ಮನೆಗೆ ಹೋಗಿ" ಅಂದರು. ಹೋಗಲಿಲ್ಲ. ಬೆಂಚಿನ ಮೇಲೆ ಕೂತೇ ಇದ್ದೆ, ಸೀರೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಸಂಜೆ ಬಂದ ಡಾಕ್ಟರ್ ಎದೆಬಡಿತ ಕೇಳಿಸಿಕೊಂಡರು, ಇನ್ನೊಂದು ಸಲ ಕೇಳಿಸಿಕೊಂಡರು, ಏನೂ ಹೇಳದೆ ಆಪರೇಷನ್ ಕೋಣೆಯ ದೀಪ ಹಾಕಿಸಿದರು. ಮಗಳು ಹುಟ್ಟಿದಾಗ ಎರಡು ಕೆಜಿ ನೂರು ಗ್ರಾಂ. ಈಗ ಬೆಂಗಳೂರಿನಲ್ಲಿ ಕೂತು ನನಗೇ ಬುದ್ಧಿ ಹೇಳುತ್ತಾಳೆ.

ಏಳನೇ ತಿಂಗಳ ಮಗು ಉಳಿಯುತ್ತೆ, ಎಂಟನೇ ತಿಂಗಳದ್ದು ಉಳಿಯಲ್ಲ ಅಂತ ಆಗ ಪಕ್ಕದ ಮನೆಯ ಅಜ್ಜಿ ಅತ್ತಿದ್ದು ನೆನಪಿದೆ. ಇಂದಿಗೂ ಈ ಮಾತು ಕೇಳುತ್ತೇನೆ. ಪೂರಾ ತಲೆಕೆಳಗು. 28ನೇ ವಾರದಲ್ಲಿ ಮಗು ಹೆಚ್ಚುಕಮ್ಮಿ ಒಂದು ಕೆಜಿ. 32ಕ್ಕೆ ಒಂದೂ ಮುಕ್ಕಾಲರ ಹತ್ತಿರ, 36ಕ್ಕೆ ಎರಡೂವರೆ. ಶ್ವಾಸಕೋಶದ ಒಳಗೋಡೆ ಒಂದಕ್ಕೊಂದು ಅಂಟದ ಹಾಗೆ ನೋಡಿಕೊಳ್ಳುವ ಜಾರುಪದಾರ್ಥ ಸಾಕಷ್ಟು ಆಗುವುದೇ ಈ ವಾರಗಳಲ್ಲಿ. ಚರ್ಮದ ಕೆಳಗೆ ಕೊಬ್ಬು ಕೂರುತ್ತದೆ, ಸುಕ್ಕು ಹೋಗುತ್ತದೆ, ಕಣ್ಣು ಬಿಡುತ್ತದೆ, ಅಮ್ಮನ ದನಿ ಗುರುತಾಗುತ್ತದೆ. ಒಳಗೆ ಕಳೆದ ಒಂದೊಂದು ವಾರವೂ ಲಾಭವೇ, ಎಂಟನೇ ತಿಂಗಳು ಸೇರಿ.

ಇದೇ ಕಾರಣಕ್ಕೆ 'ಕಡಿಮೆ ತಿನ್ನು, ಮಗು ದಪ್ಪ ಆದರೆ ಹೆರಿಗೆ ಕಷ್ಟ' ಅನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ. ನಿಮ್ಮ ಪತ್ರದಲ್ಲಿ ಅದಿಲ್ಲ, ನಿಮ್ಮನ್ನು ಬೈಯುತ್ತಿಲ್ಲ. ಒಂದು ಕೆಜಿ ಮೂರು ಕೆಜಿ ಆಗುವ ಹೊತ್ತಲ್ಲಿ ತಟ್ಟೆ ಕಿತ್ತುಕೊಂಡರೆ ಹೇಗೆ? ಮಗು ಹುಟ್ಟಿದ ಮೇಲೆ ಮೊದಲ ತಿಂಗಳುಗಳಿಗೆ ಬೇಕಾದ ಕಬ್ಬಿಣವನ್ನು ಹೆಚ್ಚಾಗಿ ಈಗಲೇ ಅಮ್ಮನಿಂದ ಎಳೆದಿಟ್ಟುಕೊಳ್ಳುತ್ತದೆ. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. ಮತ್ತೆ ಒಂದು ಮಾತು, ಇದನ್ನು ಕಾಫಿ ನಾಡಲ್ಲಿ ಹೇಳಿದರೆ ಬೈಸಿಕೊಳ್ಳುತ್ತೇನೆ: ಕಬ್ಬಿಣದ ಮಾತ್ರೆಯನ್ನು ಕಾಫಿ ಜೊತೆ ನುಂಗಬೇಡಿ, ಮೈಗೆ ಹತ್ತುವುದಿಲ್ಲ. ಬಸುರಿಯ ರಕ್ತದಿಂದ ಕೆಫೀನ್ ಇಳಿಯಲು ಈ ತಿಂಗಳುಗಳಲ್ಲಿ ಮಾಮೂಲಿಗಿಂತ ಎರಡು ಮೂರು ಪಟ್ಟು ಹೊತ್ತು ಬೇಕು. ನಮ್ಮ ರೊಬಸ್ಟಾದಲ್ಲಿ ಅರೇಬಿಕಾಗಿಂತ ಕೆಫೀನ್ ಜಾಸ್ತಿ. ದಿನಕ್ಕೆ ಒಂದು ಲೋಟ, ಸಾಕು.

ಉಳಿದ ಕಷ್ಟ ನೀವೇ ಬಲ್ಲಿರಿ. ಎದೆಯುರಿ, ಏದುಸಿರು, ರಾತ್ರಿ ನಾಲ್ಕು ಸಲ ಬಚ್ಚಲಿಗೆ ಓಡುವುದು, ಆಗಾಗ ಹೊಟ್ಟೆ ಕಲ್ಲಿನ ಹಾಗೆ ಬಿಗಿದು ಬಿಡುವ ಸುಳ್ಳು ನೋವು. ಸಂಜೆ ಪಾದ ಊದಿ ಬೆಳಿಗ್ಗೆ ಇಳಿದರೆ ತಲೆಕೆಡಿಸಿಕೊಳ್ಳಬೇಡಿ. ಮುಖ, ಕೈ ಇದ್ದಕ್ಕಿದ್ದ ಹಾಗೆ ಊದಿದರೆ, ಜೋರು ತಲೆನೋವು, ಕಣ್ಣು ಮಂಜು, ಪಕ್ಕೆಲುಬಿನ ಕೆಳಗೆ ನೋವು ಅಂದರೆ ಅದು ಬಿ.ಪಿ. ಆಗಿರಬಹುದು, ತಕ್ಷಣ ತೋರಿಸಿ. ಬೆನ್ನ ಮೇಲೆ ಮಲಗುವುದು ಬೇಡ. ಗರ್ಭಕೋಶದ ಭಾರ ಹಿಂದಿನ ದೊಡ್ಡ ರಕ್ತನಾಳದ ಮೇಲೆ ಬೀಳುತ್ತದೆ.

'ತೋಟದ ಕೆಲಸ ಮಾಡಿಕೊಂಡೇ ಹೆತ್ತೆವು' ಅಂದಿರಿ. ಟೀಚರೇ, ಹೆತ್ತವರಲ್ಲಿ ಪತ್ರ ಬರೆಯಲು ಉಳಿದವರ ಮಾತು ಮಾತ್ರ ನಮಗೆ ಕೇಳುತ್ತದೆ. ನಮ್ಮ ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ಎಷ್ಟು ತೊಟ್ಟಿಲು ಕಟ್ಟದೆ ಹೋಯಿತು ಅಂತ ಯಾವ ಡೈರಿಯಲ್ಲೂ ಇಲ್ಲ. ಈಗಲೂ ಜನವರಿಯಲ್ಲಿ ರೊಬಸ್ಟಾ ಕುಯ್ಲಿಗೆ ಹೋಗಿ ನೋಡಿ. ಎಂಟು ತಿಂಗಳ ಹೊಟ್ಟೆ ಹೊತ್ತು ಗಿಡ ಬಗ್ಗಿಸುವ ಹುಡುಗಿಯರಿದ್ದಾರೆ. ಕೆಜಿ ಲೆಕ್ಕದ ಕೂಲಿ, ಕೂತರೆ ಕಾಸಿಲ್ಲ. 2017ರಿಂದ ಹೆರಿಗೆ ರಜೆ 26 ವಾರ ಅಂತ ಕಾನೂನಿದೆ, ಅದರಲ್ಲಿ ಎಂಟು ವಾರ ಹೆರಿಗೆಗೆ ಮೊದಲೇ ತಗೊಳ್ಳಬಹುದು. ನಾಲ್ಕು ಎಕರೆ ತೋಟದ ದಿನಗೂಲಿಯವಳಿಗೆ ಆ ಕಾಗದ ಯಾರು ತೋರಿಸುತ್ತಾರೆ? ಅವಳ ಕಾಫಿ ಚೀಲ ತೂಗಲು ತಕ್ಕಡಿ ಇದೆ. ಅವಳನ್ನು ತೂಗಲು ಆಶಾ ಕಾರ್ಯಕರ್ತೆ ಮಳೆಯಲ್ಲಿ ಮೈಲಿಗಟ್ಟಲೆ ನಡೆದು ಬರಬೇಕು.

ರಸ್ತೆ ವಿಷಯ ಎತ್ತಿದರೆ ಈ ಪುಟ ಸಾಲದು. ಇಡೀ ಜಿಲ್ಲೆಗೆ ರೈಲು ಹಳಿ ಇಲ್ಲ. ದೊಡ್ಡ ತೊಂದರೆಯಾದರೆ ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. 2018ರ ಆಗಸ್ಟ್‌ನಲ್ಲಿ ಸಂಪಾಜೆ ಕಡೆ ಗುಡ್ಡ ಜಾರಿ ಮಂಗಳೂರಿನ ದಾರಿಯೂ ಮುಚ್ಚಿತ್ತು. 'ನಾಳೆ ಬೆಳಿಗ್ಗೆ ನೋಡೋಣ' ಅನ್ನುವ ಮಾತು ಬೆಂಗಳೂರಿನ ಜಯನಗರದಲ್ಲಿ ನಡೆಯಬಹುದೇನೋ. ನಮ್ಮಲ್ಲಿ ನಾಳೆ ಬೆಳಿಗ್ಗೆಗೆ ರಸ್ತೆ ಇರುತ್ತದೆ ಅಂತ ಯಾರು ಬರೆದು ಕೊಡುತ್ತಾರೆ?

ಹಾಗಾಗಿ ಸೊಸೆಯ ಮೊಬೈಲ್ ಕಿತ್ತಿಡಬೇಡಿ. ಬೇಕಿದ್ದರೆ ಮೊಬೈಲ್ ಬದಲು ಮಳೆ ಡೈರಿಯನ್ನೇ ಕೊಡಿ, ಸೆಂಟಿನ ಪಕ್ಕದಲ್ಲಿ ಬೇಕಾದಷ್ಟು ಜಾಗ ಇರುತ್ತದೆ. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ, ತಾಯಿ ಕಾರ್ಡ್ ಹಿಡಿದು ನೀವೂ ಜೊತೆಗೆ ಹೋಗಿ. ನೀವು ಗದರಿದರೆ ನರ್ಸಮ್ಮಂದಿರು 'ಮನೆಗೆ ಹೋಗಿ' ಅನ್ನುವುದಿಲ್ಲ, ನಲವತ್ತು ಮಕ್ಕಳ ಕ್ಲಾಸು ನಡೆಸಿದ ಗಂಟಲು ನಿಮ್ಮದು. ಜೀಪು ಇರುವ ನೆರೆಯವರ ನಂಬರು ಅಡುಗೆಮನೆ ಗೋಡೆ ಮೇಲೆ ದೊಡ್ಡದಾಗಿ ಬರೆದಿಡಿ. ನಂಬರು ಮಾತ್ರ ಸಾಲದು, ಅವರ ಮನೆಗೆ ನಡೆದು ಹೋಗುವ ಒಳದಾರಿಯನ್ನೂ ಮಗನಿಗೆ ತೋರಿಸಿಡಿ. ಕರೆಂಟು ಹೋದ ಎರಡನೇ ದಿನ ನಿಮ್ಮ ಕಡೆಯ ಟವರೂ ಹೋಗುತ್ತದೆ ಅಂತ ನೀವೇ ಹೋದ ವರ್ಷ ನಮಗೊಂದು ಪತ್ರ ಬರೆದಿದ್ದಿರಿ.