ಕ್ಯಾತ್ಸಂದ್ರದ ಇಡ್ಲಿ ‘ರಬ್ಬರ್’ ಅಂದವರಿಗೆ

ತುಮಕೂರು ಹತ್ರದ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ರಬ್ಬರ್ ಥರ ಇತ್ತು ಅಂತ ಪೋಸ್ಟ್ ಬರೆದು ಫೋಟೋ ಹಾಕಿದ ಸಾರ್‌ಗೆ, ಮತ್ತೆ ಅದರ ಕೆಳಗೆ ‘ಹೌದು, ತಟ್ಟೆ ಇಡ್ಲಿ ಎಲ್ಲಾ ಬರೀ ಬಿಲ್ಡಪ್ಪು’ ಅಂತ ಬರೆದವರಿಗೂ ಸೇರಿಸಿಯೇ ಹೇಳ್ತಿದೀನಿ. ನಿಮ್ಮ ಪೋಸ್ಟಲ್ಲೇ ಕಾರಣ ಇದೆ. ರಶ್ ಇದ್ದ ಹೋಟೆಲ್ ಬಿಟ್ಟು ಪಕ್ಕದ ಖಾಲಿ ಹೋಟೆಲಿಗೆ ಹೋದ್ರಿ, ಪಾರ್ಸೆಲ್ ಕಟ್ಟಿಸಿದ್ರಿ, ಶಿರಾ ದಾಟಿ ಹಿರಿಯೂರು ಹತ್ರ ಬಿಚ್ಚಿದ್ರಿ. ಅಲ್ಲಿಗೆ ಅದರ ಕಥೆ ಮುಗಿದಿರುತ್ತೆ. ನಾನೂ ಹಿಂದೆ ಮಾಡಿದ ಕೆಲಸವೇ, ಅದಕ್ಕೇ ಸುಮ್ಮನಿರೋಕೆ ಆಗ್ಲಿಲ್ಲ. ಈಗ ಬರೋ ಭಾನುವಾರ ಮುಳಬಾಗಿಲು ದೋಸೆಗೂ ಅದೇ ಪ್ಲಾನ್ ಹಾಕಿದೀರಿ, ಜೊತೆಗೆ ಆಷಾಢದಲ್ಲಿ ಹಿತಕಿದಬೇಳೆ ಸಾರು ಬೇಕಂತೆ!

ಮೊದಲು ಇಡ್ಲಿ ವಿಷಯ. ರಶ್ ಇರೋ ಕಡೆನೇ ಹೋಗಬೇಕು. ಜನ ಮೇಲಿಂದ ಮೇಲೆ ಬರ್ತಿದ್ರೆ ಒಬ್ಬೆ ಮೇಲೆ ಒಬ್ಬೆ ಇಳೀತಾ ಇರುತ್ತೆ, ನಿಮ್ಮ ತಟ್ಟೆಗೆ ಬರೋದು ಈಗಷ್ಟೇ ಬೆಂದಿದ್ದು. ಖಾಲಿ ಹೋಟೆಲಲ್ಲಿ ಒಂದೇ ಒಬ್ಬೆ ಮಾಡಿ ಸ್ಟೀಮರ್‌ನಲ್ಲೇ ಬಿಟ್ಟಿರ್ತಾರೆ. ಮೇಲೆ ನೀರು, ಕೆಳಗೆ ಗಟ್ಟಿ. ಪವಿತ್ರ ಹೋಟೆಲ್ ಹೆಸರು ಎಲ್ಲರೂ ಹೇಳ್ತಾರೆ, ಸುಳ್ಳಲ್ಲ, ಆದ್ರೆ ಹೆಸರು ನೋಡ್ಕೊಂಡು ಮಧ್ಯಾಹ್ನ ಮೂರಕ್ಕೆ ಹೋದ್ರೆ ಯಾವ ಹೋಟೆಲಾದ್ರೂ ಕೈ ಕೊಡುತ್ತೆ. ಬೆಳಗ್ಗೆ ಏಳೂವರೆಯಿಂದ ಒಂಬತ್ತೂವರೆ ಒಳಗೆ ಹೋಗಿ. ಚಟ್ನಿ ವಿಷಯಕ್ಕೂ ಆ ಹೊತ್ತೇ ಸರಿ. ಹತ್ತರ ಮೇಲೆ ಚಟ್ನಿಗೆ ನೀರು ಬೀಳೋಕೆ ಶುರು.

ನನ್ನ ಪದ್ಧತಿ ಹೇಳ್ತೀನಿ, ನಗಬೇಡಿ. ಅಡುಗೆಮನೆ ಕಾಣೋ ಹಾಗೆ ಕೂರ್ತೀನಿ. ಹೋದ ತಕ್ಷಣ ಆರ್ಡರ್ ಮಾಡಲ್ಲ. ಸ್ಟ್ಯಾಂಡ್ ಮೇಲೇಳೋದು ಕಂಡ ಮೇಲೆ ‘ಅಣ್ಣ, ಈಗಿಳಿಸಿದ್ದು ಒಂದು ಕೊಡಿ’ ಅಂತೀನಿ. ಒಂದೇ. ಎರಡು ಒಟ್ಟಿಗೆ ತಗೊಂಡ್ರೆ ಮೊದಲನೇದು ತಿನ್ನೋಷ್ಟರಲ್ಲಿ ಎರಡನೇದು ಆರಿರುತ್ತೆ. ಬೆಣ್ಣೆ ಹಾಕಿದ ತಕ್ಷಣ ಕರಗಬೇಕು. ಬೆಣ್ಣೆ ಹಾಗೇ ಗುಡ್ಡ ಕೂತ್ಕೊಂಡ್ರೆ ಇಡ್ಲಿ ಹಳೇದು, ವಾಪಸ್ ಕೊಡಿ, ನಾಚಿಕೆ ಬೇಡ. ಇಷ್ಟು ಮಾಡೋಕೆ ಕಾಲು ಗಂಟೆ ಜಾಸ್ತಿ ಆಗುತ್ತೆ. ಹಿಂದೆ ಜಾಗಕ್ಕೆ ಕಾಯ್ತಿರೋರು ಗುರಾಯಿಸ್ತಾರೆ, ಗುರಾಯಿಸ್ಲಿ. ಆದ್ರೆ ಮಕ್ಕಳು ಹಸಿದಿದ್ರೆ ಈ ಪದ್ಧತಿ ನಡೆಯಲ್ಲ. ಮನೆಯೋರು ಜೊತೆಗಿದ್ರೂ ಅಷ್ಟು ಸುಲಭ ಅಲ್ಲ.

ಅಡುಗೆಮನೆ ಕಾಣಬೇಕು ಅಂದಿದ್ದಕ್ಕೆ ಇನ್ನೊಂದು ಕಾರಣ ಇದೆ. ತಟ್ಟೆಗೆ ಬಟ್ಟೆ ಹಾಸಿದಾರೋ ಪ್ಲಾಸ್ಟಿಕ್ ಹಾಳೆನೋ ನೋಡ್ಕೊಳ್ಳಿ. 2025ರ ಫೆಬ್ರವರಿಯಲ್ಲಿ ಸರ್ಕಾರನೇ ಇಡ್ಲಿ ಬೇಯಿಸೋಕೆ ಪ್ಲಾಸ್ಟಿಕ್ ಬಳಸಬಾರದು ಅಂತ ಹೇಳಿದ ಮೇಲೂ ಕೆಲವರು ಬಿಟ್ಟಿಲ್ಲ. ಹಾಳೆ ಕಂಡ್ರೆ ನಾನು ಕಾಫಿ ಕುಡಿದು ಎದ್ದು ಬರ್ತೀನಿ.

ಇನ್ನು ಪಾರ್ಸೆಲ್. ‘ಹಾಟ್‌ಬಾಕ್ಸ್ ತಗೊಂಡು ಹೋಗಿದ್ರೆ ಸರಿಹೋಗ್ತಿತ್ತು’ ಅಂತ ಒಬ್ಬರು ಬರೆದಿದಾರೆ. ಇಲ್ಲ ಸ್ವಾಮಿ. ಯಾವ ಕಂಪನಿದಾದ್ರೂ ಅಷ್ಟೇ. ಹಬೆ ಮುಚ್ಚಳಕ್ಕೆ ಹೊಡೆದು ನೀರಾಗಿ ಮತ್ತೆ ಇಡ್ಲಿ ಮೇಲೇ ಬೀಳುತ್ತೆ. ಅಕ್ಕಿ ಪದಾರ್ಥ ಆರಿದ ಮೇಲೆ ಬಿಗಿಯಾಗೋದು ಅದರ ಗುಣ, ಅಷ್ಟಗಲ ಇಡ್ಲಿಯಲ್ಲಿ ಅದು ಬೇಗ ಗೊತ್ತಾಗುತ್ತೆ. ತಗೊಂಡು ಹೋಗಲೇಬೇಕು ಅಂದ್ರೆ ಇಡ್ಲಿ ಬಿಟ್ಟು ಚಟ್ನಿಪುಡಿ ತಗೊಂಡು ಹೋಗಿ. ಇಡ್ಲಿ ಮನೇಲೇ ಮಾಡ್ಕೊಳ್ಳಿ: ಇಡ್ಲಿ ಅಕ್ಕಿ, ಉದ್ದು, ಒಂದು ಹಿಡಿ ಅವಲಕ್ಕಿ ಅಥವಾ ಸಬ್ಬಕ್ಕಿ. ಗ್ರೈಂಡರ್‌ನಲ್ಲೇ ರುಬ್ಬಿ, ಮಿಕ್ಸಿ ಬಿಸಿಯಾಗಿ ಹಿಟ್ಟು ಕೆಡುತ್ತೆ. ಬೆಣ್ಣೆ ನಂದಿನಿದು ಸಾಕು, ಆದ್ರೆ ಉಪ್ಪಿಲ್ಲದ್ದು ತಗೊಳ್ಳಿ. ಉಪ್ಪಿನ ಬೆಣ್ಣೆ ಬ್ರೆಡ್‌ಗೆ.

ಈಗ ಭಾನುವಾರದ ಪ್ಲಾನ್. ನಂದಿಬೆಟ್ಟದಲ್ಲಿ ಸೂರ್ಯೋದಯ, ಅಲ್ಲಿಂದ ಮುಳಬಾಗಿಲಲ್ಲಿ ದೋಸೆ, ಕೋಲಾರದಲ್ಲಿ ಮುದ್ದೆ-ನಾಟಿಕೋಳಿ, ಸಂಜೆಗೆ ಮನೆ ಅಂತ ಬರೆದಿದೀರಿ. ಆಷಾಢದ ಮೋಡದಲ್ಲಿ 1,478 ಮೀಟರ್ ಎತ್ತರದಲ್ಲಿ ನಿಂತು ಯಾವ ಸೂರ್ಯನ್ನ ನೋಡ್ತೀರಿ? ಬೆಟ್ಟ ಇಳಿದು ಚಿಕ್ಕಬಳ್ಳಾಪುರ, ಚಿಂತಾಮಣಿ, ಶ್ರೀನಿವಾಸಪುರದ ಮೇಲೆ ಮುಳಬಾಗಿಲು ಸೇರೋಷ್ಟರಲ್ಲಿ ತಿಂಡಿ ಹೊತ್ತು ಮುಗಿದು ಕಾವಲಿ ತೊಳೆದಿರ್ತಾರೆ. ಬೆಟ್ಟ ಬೇರೆ ದಿನಕ್ಕಿಡಿ. ಬೆಂಗಳೂರಿಂದ ನೇರ ಕೋಲಾರದ ಹೈವೇ ಹಿಡಿದು ಬೆಳಗ್ಗೆನೇ ಮುಳಬಾಗಿಲು ಸೇರ್ಕೊಳ್ಳಿ.

ಆ ದೋಸೆಗೆ ಅವಸರ ಆಗಲ್ಲ. ಬೆಂಗಳೂರಲ್ಲಿ ಮುಳಬಾಗಿಲು ದೋಸೆ ಅಂತ ಬೋರ್ಡ್ ಹಾಕಿರೋ ಎಷ್ಟೋ ಕಡೆ ಉರಿ ಜೋರು ಮಾಡಿ ಬಣ್ಣ ಬರಿಸ್ತಾರೆ, ಒಳಗೆ ಹಸಿ. ಸರಿಯಾದದ್ದು ಚಿಕ್ಕದು, ದಪ್ಪ, ಸಣ್ಣ ಉರೀಲಿ ತುಪ್ಪ ಕುಡೀತಾ ಕೂತು ಕೆಂಪಾಗಿರುತ್ತೆ. ಅಂಚು ಮುರಿದ್ರೆ ಸದ್ದು ಬರಬೇಕು, ನಡುವೆ ಹತ್ತಿ ಥರ ಇರಬೇಕು. ಮೇಲೆ ಕೆಂಪು ಚಟ್ನಿ, ಆಲೂಗೆಡ್ಡೆ ಪಲ್ಯ. ಇದನ್ನ ಪಾರ್ಸೆಲ್ ಕಟ್ಟಿಸಿದ್ರೆ ಅರ್ಧ ಗಂಟೆಗೆ ಅಂಚು ಮೆತ್ತಗಾಗುತ್ತೆ, ಆಮೇಲೆ ಮುಳಬಾಗಿಲನ್ನೂ ಬೈದು ಇನ್ನೊಂದು ಪೋಸ್ಟ್ ಹಾಕ್ತೀರಿ. ತಿಂದು ಕುರುಡುಮಲೆಗೆ ಹೋಗಿ ಬನ್ನಿ, ಹತ್ತಿರಾನೇ. ಗಣಪತಿ ನೋಡಿ, ಪಕ್ಕದ ಸೋಮೇಶ್ವರ ದೇವಸ್ಥಾನವನ್ನೂ ಬಿಡಬೇಡಿ. ಅಷ್ಟರಲ್ಲಿ ತುಪ್ಪ ಅರಗಿರುತ್ತೆ.

ಮುದ್ದೆ ಊಟಕ್ಕೆ ಒಂದೂವರೆ ಒಳಗೆ ಕೂತ್ಕೊಳ್ಳಿ. ಎರಡರ ಮೇಲೆ ಮಿಲಿಟರಿ ಹೋಟೆಲಲ್ಲಿ ಸಿಗೋದು ತಳದ ಸಾರು, ಬಿಗಿದ ಮುದ್ದೆ. ‘ನಾಟಿ’ ಅಂತ ಬರೆದಿದ್ರೆ ನಂಬಬೇಡಿ, ಮೂಳೆ ನೋಡಿ. ಫಾರಂ ಕೋಳಿ ಮೂಳೆ ಹಲ್ಲಿಗೇ ಪುಡಿಯಾಗುತ್ತೆ. ಹಿತಕಿದಬೇಳೆಗೆ ಧನುರ್ಮಾಸ ಬರಲಿ. ಸೊಗಡಿರೋ ಅವರೆ ಡಿಸೆಂಬರ್-ಜನವರಿದು, ಇಬ್ಬನಿ ಬಿದ್ದಾಗಲೇ ಅದಕ್ಕೆ ಘಮ. ಈಗ ಕೊಡೋದು ಒಣ ಅವರೆ ನೆನೆಸಿ ಹಿತಕಿದ್ದು, ಇಲ್ಲ ಫ್ರೀಜರ್‌ದು. ಈಗ ಕೇಳಿದ್ರೆ ಬಸ್ಸಾರು ಕೇಳಿ.

ಆ ಕಡೆ ಈಗ ಸಿಗೋದು ಮಾವು. ಊಟ ಮುಗಿಸಿ ಹೊತ್ತಿದ್ರೆ ಶ್ರೀನಿವಾಸಪುರಕ್ಕೆ ಹೋಗಿ. ಬಾದಾಮಿ ಮುಗಿಯುವ ಹೊತ್ತು, ಮಲ್ಲಿಕಾ, ನೀಲಂ ಸಿಗಬಹುದು. ಹಣ್ಣಾಗಿ ಫಳಫಳ ಅನ್ನೋದು ಬೇಡ, ಬಲಿತ ಕಾಯಿ ತಗೊಂಡು ಮನೇಲಿ ಹುಲ್ಲಲ್ಲಿಡಿ. ತೋತಾಪುರಿ ಉಪ್ಪು-ಖಾರ ಹಾಕಿ ತಿನ್ನೋಕೆ ಮಾತ್ರ, ಹಣ್ಣು ಮಾಡ್ತೀನಿ ಅಂತ ಚೀಲಗಟ್ಟಲೆ ತರಬೇಡಿ. ಮತ್ತೆ ಕಾಯಿನ ಡಿಕ್ಕಿಯಲ್ಲಿ ಪ್ಲಾಸ್ಟಿಕ್ ಕವರ್ ಸಮೇತ ಬಿಟ್ಟು ಮಲಗಬೇಡಿ, ಬೆಳಗ್ಗೆಗೆ ತೊಟ್ಟಿನ ಹತ್ರ ಕಪ್ಪಾಗಿರುತ್ತೆ. ರಾತ್ರಿನೇ ಇಳಿಸಿ, ನೆಲದ ಮೇಲೆ ಬಿಡಿಬಿಡಿಯಾಗಿ ಹರಡಿ.