ಮಗು ದಪ್ಪ ಆದರೆ ಬೈಸಿಕೊಳ್ಳಬೇಕಾದವರು ಯಾರು?

ಅಕ್ಕನ ಮಗನಿಗೆ 9 ವರ್ಷ, ತೂಕ ವಯಸ್ಸಿಗೆ ಮೀರಿ ಏರಿದೆ, ಮನೆಯವರೆಲ್ಲ ಅಕ್ಕನನ್ನೇ ಬೈಯುತ್ತಾರೆ, ನಿಜವಾಗಿ ತಪ್ಪು ಯಾರದು ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಆದರೆ ಈ ವಿಷಯದಲ್ಲಿ ಬೈಗುಳ ತಿಂದ ಅನುಭವ ನನಗೆ ಎರಡು ಸಲದ್ದು. ಚಿಕ್ಕವಳಿದ್ದಾಗ ನಾನೇ ಕ್ಲಾಸಿನ ಡುಮ್ಮಿ. ಈಗ ನನ್ನ ಮಗಳಿಗೆ 10 ವರ್ಷ, ಎರಡು ವರ್ಷದ ಹಿಂದೆ ಅವಳ ತೂಕವೂ ಗೆರೆ ದಾಟಿತ್ತು.

ಮಗುವಿನ ತಪ್ಪಂತೂ ಖಂಡಿತ ಅಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾಲ್ಕನೇ ಕ್ಲಾಸಿನಲ್ಲಿ ನಮ್ಮ ತೂಕ ನೋಡುವ ದಿನ ಅಂತ ಒಂದಿತ್ತು. ಟೀಚರ್ ಒಬ್ಬೊಬ್ಬರ ತೂಕವನ್ನೂ ಜೋರಾಗಿ ಓದಿ ಬರೆದುಕೊಳ್ಳುತ್ತಿದ್ದರು. ನನ್ನ ಸರದಿ ಬಂದರೆ ಮುಳ್ಳು ನಿಲ್ಲುವ ಮೊದಲೇ ಹಿಂದಿನ ಸಾಲಿನಲ್ಲಿ ನಗು. ಆವತ್ತು ಮನೆಗೆ ಬಂದು ಏನು ಮಾಡಿದೆ ಗೊತ್ತಾ? ಬಾಗಿಲ ಹಿಂದೆ ಕೂತು ಒಂದು ಇಡೀ ಪ್ಯಾಕೆಟ್ ಬಿಸ್ಕತ್ತು ಖಾಲಿ ಮಾಡಿದೆ. ರುಚಿ ಕೂಡ ಗೊತ್ತಾಗಲಿಲ್ಲ. ಹೀಯಾಳಿಸಿದರೆ ನಾಚಿಕೆಯಿಂದ ತಿನ್ನುವುದು ಬಿಡುತ್ತಾರೆ ಅಂದುಕೊಂಡವರಿಗೆ ಇದನ್ನು ಹೇಳಬೇಕು ಅನಿಸುತ್ತದೆ. ಬಿಡುವುದಿಲ್ಲ, ಕದ್ದು ತಿನ್ನುವುದನ್ನು ಕಲಿಯುತ್ತಾರೆ.

ಇನ್ನು ಅಮ್ಮಂದಿರ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ನೋಡಿ. 5ರಿಂದ 19 ವರ್ಷದವರಲ್ಲಿ ಬೊಜ್ಜು ಇದ್ದವರು 1990ರಲ್ಲಿ ನೂರಕ್ಕೆ 2 ಮಂದಿ, 2022ರಲ್ಲಿ ನೂರಕ್ಕೆ 8. ತಲೆ ಲೆಕ್ಕದಲ್ಲಿ ಸುಮಾರು 16 ಕೋಟಿ. ಮೂವತ್ತೇ ವರ್ಷದಲ್ಲಿ ಭೂಮಿ ಮೇಲಿನ ಅಮ್ಮಂದಿರೆಲ್ಲ ಒಟ್ಟಿಗೆ ಸೋಮಾರಿಗಳಾದರಾ? ರಕ್ತದಲ್ಲಿ ಬಂದ ಗುಣವೂ ಇಷ್ಟು ಬೇಗ ಬದಲಾಗುವುದಿಲ್ಲ. ಬದಲಾಗಿದ್ದು ಮಗುವಿನ ಸುತ್ತಲಿನ ಜಗತ್ತು.

ಹಾಗಂತ ರಕ್ತದ ಗುಣ ಏನೂ ಅಲ್ಲ ಅಂತಲ್ಲ. ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಇಬ್ಬರಲ್ಲಿ ಒಬ್ಬ ಕಡ್ಡಿ, ಇನ್ನೊಬ್ಬ ಗುಂಡು ಆಗುವುದನ್ನು ನಾವೇ ನೋಡಿದ್ದೇವೆ. ಕೊಬ್ಬಿನ ಕೋಶಗಳಿಂದ ಲೆಪ್ಟಿನ್ ಅನ್ನುವ ಹಾರ್ಮೋನ್ ಹೊರಡುತ್ತದೆ, ಮೆದುಳಿಗೆ ಹೋಗಿ 'ಸಾಕು' ಅನ್ನುತ್ತದೆ. 1999ರಲ್ಲಿ ಬ್ರಿಟನ್ನಿನ ವೈದ್ಯರು ಒಬ್ಬ ಹುಡುಗಿಯ ಬಗ್ಗೆ ಬರೆದರು. ನಿಮ್ಮ ಅಕ್ಕನ ಮಗನ ವಯಸ್ಸೇ, 9 ವರ್ಷ. ತೂಕ 90 ಕಿಲೋ ದಾಟಿತ್ತು. ಅವಳ ದೇಹದಲ್ಲಿ ಈ ಲೆಪ್ಟಿನ್ ಸರಿಯಾಗಿ ತಯಾರಾಗುತ್ತಲೇ ಇರಲಿಲ್ಲ. ಇಂಜೆಕ್ಷನ್ ಮೂಲಕ ಅದನ್ನು ಕೊಡಲು ಶುರು ಮಾಡಿದ ಮೇಲೆ ಹಸಿವು ತಾನಾಗಿ ಇಳಿಯಿತು, ಒಂದು ವರ್ಷದಲ್ಲಿ ಸುಮಾರು 16 ಕಿಲೋ ಕರಗಿತು. ಇಂಥ ಮಕ್ಕಳು ತೀರಾ ಅಪರೂಪ, ನಿಮ್ಮ ಹುಡುಗನಿಗೂ ಇದೇ ಅಂತ ಹೇಳುತ್ತಿಲ್ಲ. ಆದರೆ ಅವಳನ್ನು ಎಷ್ಟು ಬೈದಿದ್ದರೂ, ಎಷ್ಟು ಬುದ್ಧಿ ಹೇಳಿದ್ದರೂ ಏನಾಗುತ್ತಿತ್ತು? ಹಸಿವು ಒಬ್ಬರಿಗೆ ಒಂದು ಥರ, ಇನ್ನೊಬ್ಬರಿಗೆ ಇನ್ನೊಂದು ಥರ. 'ಕಂಟ್ರೋಲ್ ಇಲ್ಲ' ಅನ್ನುವವರು ಹೆಚ್ಚಾಗಿ ಕಮ್ಮಿ ಹಸಿವಿನ ಮನುಷ್ಯರೇ ಆಗಿರುತ್ತಾರೆ.

ಈಗ ನನ್ನ ಪಾಲಿನ ತಪ್ಪು. ಮಗಳಿಗೆ ಎರಡು ವರ್ಷ ಇದ್ದಾಗಿನಿಂದ ಫೋನ್ ಮುಂದಿಟ್ಟು ತುತ್ತು ಹಾಕುತ್ತಿದ್ದೆ. ಕಣ್ಣು ಸ್ಕ್ರೀನಿನ ಮೇಲೆ, ಚಮಚ ಹತ್ತಿರ ಬಂದರೆ ಬಾಯಿ ತಾನಾಗಿ ತೆರೆಯುತ್ತಿತ್ತು. ಹತ್ತೇ ನಿಮಿಷದಲ್ಲಿ ತಟ್ಟೆ ಖಾಲಿ, ನನಗೂ ಆರಾಮ. ಮಧ್ಯೆ ಅವಳು 'ಸಾಕು' ಅಂದರೆ 'ಇನ್ನೆರಡೇ ತುತ್ತು ಪುಟ್ಟಿ' ಅನ್ನುತ್ತಿದ್ದೆ. ದಿನಾ ಎರಡು ತುತ್ತು. ಹೊಟ್ಟೆಯ ಮಾತು ಕೇಳದೆ ಇರುವುದನ್ನು ಅವಳಿಗೆ ಕಲಿಸಿದ್ದು ನಾನೇ. ಯಾರೂ ಬೈಯದಿದ್ದರೂ ಈ ತಪ್ಪನ್ನು ನಾನು ಒಪ್ಪಿಕೊಳ್ಳುತ್ತೇನೆ. ನಿದ್ದೆಯಲ್ಲೂ ಎಡವಿದ್ದೆವು. 5ರಿಂದ 13 ವರ್ಷದ ಮಕ್ಕಳಿಗೆ 9ರಿಂದ 11 ಗಂಟೆ ನಿದ್ದೆ ಬೇಕು. ನಮ್ಮವಳು ಎಂಟೂ ಮಲಗುತ್ತಿರಲಿಲ್ಲ. ನಿದ್ದೆಗೆಟ್ಟ ಮಗುವಿಗೆ ಹಸಿವು ಜಾಸ್ತಿ, ಅದೂ ಸಿಹಿ ಕಡೆಗೇ ಕೈ ಹೋಗುವಂಥ ಹಸಿವು.

ಆದರೆ ಮನೆ ಬಾಗಿಲಿನ ಆಚೆಗೆ ನನ್ನ ಕೈ ಎಷ್ಟು ದೂರ ಹೋಗುತ್ತದೆ? ಮಗಳಿಗೆ ಇನ್ನೂ ಓದಲು ಬರುತ್ತಿರಲಿಲ್ಲ, ಆದರೆ ಪ್ಯಾಕೆಟ್ ಮೇಲಿನ ಕಾರ್ಟೂನ್ ನೋಡಿ ಹೆಸರು ಹೇಳುತ್ತಿದ್ದಳು. ಆ ಪ್ಯಾಕೆಟ್ಟುಗಳನ್ನು ಜೋಡಿಸಿಟ್ಟಿದ್ದದ್ದು ನನ್ನ ಕಣ್ಣಿನ ಎತ್ತರಕ್ಕಲ್ಲ, ಅವಳ ಕಣ್ಣಿನ ಎತ್ತರಕ್ಕೆ. ಒಂದು ದಿನ ಅಡಿಗೆಮನೆಯಲ್ಲಿ ಅವಳನ್ನು ಕೂರಿಸಿಕೊಂಡು ಸಕ್ಕರೆ ಅಳೆದು ತೋರಿಸಿದೆ. 330 ಎಂಎಲ್‌ನ ಒಂದು ಕೋಲಾ ಕ್ಯಾನಿನಲ್ಲಿ ಸುಮಾರು 35 ಗ್ರಾಂ ಸಕ್ಕರೆ. ಲೋಟಕ್ಕೆ ಒಂದೊಂದೇ ಟೀ ಚಮಚ ಹಾಕುತ್ತಾ ಹೋದೆವು. ಐದಕ್ಕೆ ನಕ್ಕಳು. ಎಂಟು ದಾಟಿದ ಮೇಲೆ 'ಅಮ್ಮಾ, ಇದು ಪಾಯಸಕ್ಕೂ ಜಾಸ್ತಿ' ಅಂದಳು. ಸೇರಿಸಿದ ಸಕ್ಕರೆ, ಜ್ಯೂಸಿನ ಸಕ್ಕರೆ ಎಲ್ಲ ಸೇರಿ ದಿನದ ಕ್ಯಾಲೊರಿಯಲ್ಲಿ ಹತ್ತರಲ್ಲೊಂದು ಪಾಲು ಮೀರಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ದಿನಕ್ಕೆ 1,600 ಕ್ಯಾಲೊರಿ ತಿನ್ನುವ ಮಗುವಿಗೆ ಅದು 40 ಗ್ರಾಂ. ಒಂದೇ ಕ್ಯಾನಿಗೆ ಹೆಚ್ಚುಕಮ್ಮಿ ಮುಗಿದೇ ಹೋಯಿತು.

ಫ್ಯಾಕ್ಟರಿ ತಿಂಡಿಗಳ ಬಗ್ಗೆ ಅಮೆರಿಕದಲ್ಲಿ 2019ರಲ್ಲಿ ಒಂದು ಪ್ರಯೋಗ ನಡೆಯಿತು, ದೊಡ್ಡವರ ಮೇಲೆ. 20 ಜನರಿಗೆ ಎರಡು ವಾರ ಫ್ಯಾಕ್ಟರಿ ಸಂಸ್ಕರಿತ ಊಟ, ಎರಡು ವಾರ ಸಾದಾ ಊಟ. ಎದುರಿಗಿಟ್ಟ ಊಟದಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು ಎಲ್ಲ ಸಮ. ಬೇಕಾದಷ್ಟು ತಿನ್ನಿ ಅಂದರು. ಫ್ಯಾಕ್ಟರಿ ಊಟದ ವಾರಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದಿದ್ದರು. ದೊಡ್ಡವರ ಗತಿಯೇ ಹೀಗಾದರೆ 9 ವರ್ಷದ ಹುಡುಗನಿಂದ ಇನ್ನೇನು ನಿರೀಕ್ಷೆ ಮಾಡುತ್ತೀರಿ ಹೇಳಿ.

ಸರ್ಕಾರ ಇದರಲ್ಲಿ ಏನು ಮಾಡಲು ಸಾಧ್ಯ, ತೆರಿಗೆ ಹಾಕಿದರೆ ಮಕ್ಕಳು ಸಣ್ಣಗಾಗುತ್ತಾರಾ ಅಂತ ನಾನೂ ನಗುತ್ತಿದ್ದೆ. ಬ್ರಿಟನ್ ಕಥೆ ಓದಿ ಸುಮ್ಮನಾದೆ. ಅಲ್ಲಿ 2018ರಿಂದ 100 ಎಂಎಲ್‌ನಲ್ಲಿ 5 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸಕ್ಕರೆ ಸೇರಿಸಿದ ಪಾನೀಯಕ್ಕೆ ತೆರಿಗೆ, 8 ಗ್ರಾಂ ಮುಟ್ಟಿದರೆ ಇನ್ನೂ ಜಾಸ್ತಿ. ಬಹಳಷ್ಟು ಕಂಪನಿಗಳು ತೆರಿಗೆ ಜಾರಿಗೆ ಬರುವ ಮೊದಲೇ ಸಕ್ಕರೆಯನ್ನು ಆ ಗೆರೆಗಿಂತ ಕೆಳಗೆ ಇಳಿಸಿಬಿಟ್ಟವು. ಅಂದರೆ ಕಮ್ಮಿ ಮಾಡಲು ಅವರಿಗೆ ಮೊದಲಿಂದಲೂ ಆಗುತ್ತಿತ್ತು ಅಲ್ವಾ? ಚಿಲಿ ದೇಶ 2016ರಲ್ಲಿ ಸಕ್ಕರೆ, ಉಪ್ಪು, ಕೊಬ್ಬು ಮಿತಿ ಮೀರಿದ ಪ್ಯಾಕೆಟ್ಟುಗಳ ಮೇಲೆ ಕಪ್ಪು ಎಚ್ಚರಿಕೆ ಗುರುತು ಹಾಕಿಸಿತು, ಅವುಗಳ ಮೇಲಿನ ಕಾರ್ಟೂನ್ ತೆಗೆಸಿತು, ಸ್ಕೂಲಿನೊಳಗೆ ಮಾರುವುದನ್ನೂ ನಿಲ್ಲಿಸಿತು. ಒಬ್ಬ ಅಮ್ಮ ಜೀವಮಾನವಿಡೀ ಅಂಗಡಿಯವನ ಜೊತೆ ಜಗಳ ಆಡಿದರೂ ಇಷ್ಟು ಆಗುವುದಿಲ್ಲ.

ಹಾಗಾಗಿ ನನ್ನ ಲೆಕ್ಕ ಇಷ್ಟೇ. ಯಾರ ಕೈಯಲ್ಲಿ ಎಷ್ಟು ಅಧಿಕಾರ ಇದೆಯೋ ಅವರ ತಲೆ ಮೇಲೆ ಅಷ್ಟು ಜವಾಬ್ದಾರಿ. ಕಾನೂನು ಮಾಡುವವರು, ತಯಾರಿಸಿ ಮಾರುವವರು ಮೊದಲು. ಆಮೇಲೆ ಆಟದ ಪೀರಿಯಡ್ಡಿನಲ್ಲಿ ಪಾಠ ಮಾಡುವ ಸ್ಕೂಲು. ಆಮೇಲೆ ಮನೆ. ಮನೆ ಅಂದರೆ ಬರೀ ಅಮ್ಮ ಅಲ್ಲ, ಅಪ್ಪನೂ ಅದೇ ಮನೆಯಲ್ಲಿದ್ದಾನೆ. ಎರಡು ಕಡೆ ದುಡಿದು ರಾತ್ರಿ ಮನೆ ಸೇರುವ ಅಮ್ಮನನ್ನೂ, ಎಲ್ಲ ಅನುಕೂಲ ಇರುವವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೂ ಸರಿಯಲ್ಲ.

ಒಂದು ಮುಖ್ಯ ವಿಷಯ. ಬರೀ ತೂಕ ನೋಡಿ ತೀರ್ಮಾನ ಮಾಡಬೇಡಿ. ಮಕ್ಕಳಿಗೆ ವಯಸ್ಸು ಮತ್ತು ಹುಡುಗ-ಹುಡುಗಿ ಪ್ರಕಾರ ಬೇರೆ ಬೇರೆ ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಅನ್ನುವ ಲೆಕ್ಕ) ಚಾರ್ಟ್ ಇರುತ್ತದೆ, ಮಕ್ಕಳ ಡಾಕ್ಟರ್ ಅದರಲ್ಲಿ ಗುರುತು ಹಾಕಿ ತೋರಿಸುತ್ತಾರೆ. ತೂಕ ಏರುತ್ತಾ ಎತ್ತರ ನಿಂತುಹೋಗಿದ್ದರೆ ತಡ ಮಾಡಬೇಡಿ, ಥೈರಾಯ್ಡ್ ಅಥವಾ ಬೇರೆ ಹಾರ್ಮೋನ್ ತೊಂದರೆ ಇರಬಹುದು. ಸ್ಟಿರಾಯ್ಡ್ ಔಷಧಿ ನಡೆಯುತ್ತಿದ್ದರೆ ಅದನ್ನೂ ಹೇಳಿ, ನೀವೇ ನಿಲ್ಲಿಸಬೇಡಿ.

ನನ್ನ ಮಗಳಿಗೆ ಡಾಕ್ಟರ್ ಡಯಟ್ ಅಂತ ಏನೂ ಬರೆದುಕೊಡಲಿಲ್ಲ. ತೂಕ ಇಳಿಸಬೇಡಿ, ಏರದ ಹಾಗೆ ನೋಡಿಕೊಳ್ಳಿ, ಎತ್ತರ ಬಂದು ಸರಿಹೋಗುತ್ತದೆ ಅಂದರು. ಊಟದ ಹೊತ್ತಿಗೆ ಫೋನ್ ಬಂತೆಂದರೆ ಈಗ ನಾವೂ ಎತ್ತುವುದಿಲ್ಲ. ಎರಡು ವರ್ಷದಲ್ಲಿ ಅವಳ ತೂಕ ಏರಿದ್ದು ಒಂದೇ ಕಿಲೋ, ಉದ್ದ ಮಾತ್ರ ಚೆನ್ನಾಗಿ ಬೆಳೆದಿದ್ದಾಳೆ.

ನೀವು ಆ ಹುಡುಗನಿಗೆ ಚಿಕ್ಕಮ್ಮನೋ ಸೋದರಮಾವನೋ ಗೊತ್ತಿಲ್ಲ. ಯಾರೇ ಆಗಿರಿ, ಸಂಜೆ ಬಂದಾಗ ಕೈಯಲ್ಲಿ ಚಾಕೊಲೇಟ್ ಬದಲು ಒಂದು ಚೆಂಡು ತನ್ನಿ. ಅವನ ಜೊತೆ ನೀವೂ ಓಡಿ. ತೂಕದ ಮಾತು ಮಾತ್ರ ಎತ್ತಬೇಡಿ.