ಕುಟುಂಬ ಸಮ್ಮಿಲನಕ್ಕೆ ನೆಂಟರನ್ನು ಕರೆಯುವುದು, ವಂಶವೃಕ್ಷ ಹಂಚುವುದು ಹೇಗೆ?

ನಿಮ್ಮ ಮೂಲ ಊರು ಸಕಲೇಶಪುರ ತಾಲ್ಲೂಕು, ನೆಂಟರು ಮೂಡಿಗೆರೆ, ಹಾಸನ, ಬೆಂಗಳೂರು ಅಂತ ಚದುರಿದ್ದಾರೆ, ವರ್ಷಕ್ಕೊಮ್ಮೆ ಎಲ್ಲರನ್ನೂ ಸೇರಿಸಿ ವಂಶವೃಕ್ಷವನ್ನೂ ಕೊಡಬೇಕು, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ವಂಶವೃಕ್ಷದಿಂದಲೇ ಶುರು ಮಾಡಿ ಎನ್ನುತ್ತೇನೆ. ಫೋನಿನಲ್ಲಿರುವ ನಂಬರು ನೋಡಿ ಕರೆಯಲು ಹೊರಟರೆ ಒಡನಾಟ ಇರುವವರಷ್ಟೇ ಸೇರುತ್ತಾರೆ. ಎರಡು ತಲೆಮಾರಿನ ಹಿಂದೆ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಮನೆಗಳು ಪೂರ್ತಿ ಬಿಟ್ಟುಹೋಗುತ್ತವೆ.

ಹೆಸರು ಗೊತ್ತಿರುವ ಹಿರಿಯಜ್ಜನಿಗೆ 1 ಎಂದು ಕೊಡಿ. ಮಕ್ಕಳಿಗೆ ಹುಟ್ಟಿದ ಕ್ರಮದಲ್ಲಿ 1.1, 1.2, 1.3, ಮೊಮ್ಮಕ್ಕಳಿಗೆ 1.2.1, 1.2.2. ಹೆಣ್ಣು ಗಂಡು ಬೇರೆ ಮಾಡಬೇಡಿ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮಲ್ಲಿ ಒಂದೇ ಹೆಸರಿನವರು ಮೂರು ನಾಲ್ಕು ಜನ ಇರುತ್ತಾರೆ, ಸಂಖ್ಯೆ ಇಲ್ಲದಿದ್ದರೆ ಯಾರ ಮಗ ಯಾರೆಂದು ತಿಳಿಯುವುದಿಲ್ಲ. ಇನ್ನೊಂದು ತೊಡಕು ಒಳಸಂಬಂಧದ ಮದುವೆ. ಸೋದರಮಾವನ ಮಗಳನ್ನೋ ಅಕ್ಕನ ಮಗಳನ್ನೋ ತಂದುಕೊಂಡಲ್ಲಿ ಒಬ್ಬಳೇ ಹೆಣ್ಣುಮಗಳು ಎರಡು ಕವಲಲ್ಲಿ ಬರುತ್ತಾಳೆ. ಅವಳ ವಿವರವನ್ನು ತವರಿನ ಕವಲಲ್ಲಿ ಒಮ್ಮೆ ಬರೆದು, ಗಂಡನ ಕಡೆ ಆ ಸಂಖ್ಯೆಯನ್ನಷ್ಟೇ ಹಾಕಿ. ಇಲ್ಲದಿದ್ದರೆ ಅವಳ ಮಕ್ಕಳೂ ಎರಡು ಸಲ ಎಣಿಕೆಗೆ ಬಂದು ಪಟ್ಟಿ ಕೆಡುತ್ತದೆ.

ಮಾಹಿತಿಗೆ ಎಲ್ಲರೂ ಮೊದಲು ನಾಡಕಚೇರಿಗೆ ಓಡುತ್ತಾರೆ. ಅಲ್ಲಿ ಸಿಗುವ ವಂಶವೃಕ್ಷ ಪೌತಿ ಖಾತೆಯಂಥ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ) ಕೆಲಸಕ್ಕೆ, ತೀರಿಕೊಂಡ ಒಬ್ಬರ ವಾರಸುದಾರರನ್ನು ತೋರಿಸುವಂಥದ್ದು, ಇಡೀ ಕುಲದ್ದಲ್ಲ. ಪಹಣಿಗಿಂತ ಮ್ಯುಟೇಶನ್ ಪುಸ್ತಕ, ಅಂದರೆ ಜಮೀನಿನ ಖಾತೆ ಬದಲಾವಣೆಯ ದಾಖಲೆ, ಹೆಚ್ಚು ಹೇಳುತ್ತದೆ, ಯಾರಿಂದ ಯಾರಿಗೆ, ಪೌತಿಯೋ ವಿಭಾಗವೋ ಕ್ರಯವೋ ಎಂಬುದು ಅದರಲ್ಲಿರುತ್ತದೆ. ಮೂಡಿಗೆರೆ ಕಡೆಯ ಹಳೇ ಕಾಗದ ಹುಡುಕುವಾಗ ಒಂದು ನೆನಪಿಡಿ: 1947ರವರೆಗೆ ಚಿಕ್ಕಮಗಳೂರು ಜಿಲ್ಲೆಯ ಹೆಸರು ಕಡೂರು ಜಿಲ್ಲೆ. ಆದರೆ ಹೆಣ್ಣುಮಕ್ಕಳ ಹೆಸರು ಜಮೀನಿನ ಕಾಗದದಲ್ಲಿ ಸಿಗುವುದು ಅಪರೂಪ. ಅದಕ್ಕೆ ಅಟ್ಟದ ಮೇಲಿನ ಟ್ರಂಕು ಇಳಿಸಬೇಕು. ಹಳೇ ಲಗ್ನಪತ್ರಿಕೆಯಲ್ಲಿ ‘ದ್ವಿತೀಯ ಪುತ್ರಿ’ ಎಂದಿದ್ದರೆ ಮೊದಲನೆಯವಳು ಯಾರು ಎಂದು ಕೇಳಲು ದಾರಿಯಾಯಿತು. ತಿಥಿ ಕಾರ್ಡಿನಲ್ಲಿ ತೀರಿಕೊಂಡ ದಿನ ಇರುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಮದುವೆಯ ಮುಯ್ಯಿ ಪುಸ್ತಕ: ಯಾವ ಊರಿನ ಯಾರು ಎಷ್ಟು ಮುಯ್ಯಿ ಹಾಕಿದರು ಎಂದು ಬರೆದ ಆ ಪಟ್ಟಿಯೇ ನಿಮ್ಮ ಕರೆಯುವ ಪಟ್ಟಿಯ ಮೊದಲ ಪ್ರತಿ.

ಜಾತಕದಲ್ಲಿ ಇಸವಿ ಬದಲು ಸಂವತ್ಸರ ಇದ್ದರೆ ಹುಷಾರು. ಅದು 60 ವರ್ಷಕ್ಕೊಮ್ಮೆ ಮರಳುತ್ತದೆ. ‘ಧಾತು’ ಎಂದರೆ 1876-77 ಆಗಬಹುದು, 1936-37 ಆಗಬಹುದು. ಅವರ ಮಕ್ಕಳ ವಯಸ್ಸಿಗೆ ತಾಳೆ ನೋಡಿ ಒಂದನ್ನು ಆರಿಸಿ. ಟೈಪ್ ಮಾಡುವಾಗ ಯುನಿಕೋಡ್ ಬಳಸಿ; ‘ನುಡಿ’, ‘ಬರಹ’ ತಂತ್ರಾಂಶಗಳ ಹಳೇ ಫಾಂಟಿನಲ್ಲಿ ಮಾಡಿದ್ದು ಬೇರೆಯವರ ಮೊಬೈಲಿನಲ್ಲಿ ಅಕ್ಷರ ಕೆಟ್ಟು ಕಾಣುತ್ತದೆ.

ದಿನಾಂಕಕ್ಕೆ ಬರೋಣ. ನವೆಂಬರಿನಿಂದ ಮಾರ್ಚ್‌ವರೆಗೆ ಮೊದಲು ಅರೇಬಿಕಾ, ಆಮೇಲೆ ರೊಬಸ್ಟಾ ಕಾಫಿಯ ಕೊಯ್ಲು, ತೋಟದವರು ಬರಲಾರರು. ಜೂನ್ ಬಂದರೆ ಮಳೆ. ಉಳಿಯುವುದು ಏಪ್ರಿಲ್ ಕೊನೆ ಮತ್ತು ಮೇ. ಮದುವೆಗಳು ಅಡ್ಡ ಬರುತ್ತವೆ, ನಿಜ, ಆದರೂ ‘ಪ್ರತಿವರ್ಷ ಮೇ ಎರಡನೇ ಭಾನುವಾರ’ ಎಂಬಂತೆ ಖಾಯಂ ಮಾಡಿಬಿಡುವುದೇ ಮೇಲು, ವರ್ಷವರ್ಷ ಚರ್ಚೆ ಬೇಡ. ಸೂತಕದ ಬಗ್ಗೆ ಮೊದಲೇ ತೀರ್ಮಾನಿಸಿ: ದಾಯಾದಿಗಳಲ್ಲಿ ಒಬ್ಬರು ಹೋದರೂ ಎಲ್ಲ ಮನೆಗೂ ಸೂತಕ. ಹಾಗಾದರೆ ಪೂಜೆ ಬಿಟ್ಟು ಸೇರುವುದೋ, ಎರಡು ವಾರ ಮುಂದೂಡುವುದೋ ಎಂದು ಹಿರಿಯರ ಬಾಯಲ್ಲೇ ಹೇಳಿಸಿಟ್ಟುಕೊಳ್ಳಿ. ಆ ಹೊತ್ತಿನಲ್ಲಿ ಕೇಳಿದರೆ ಮನಸ್ತಾಪ.

ಕರೆಯುವ ಕೆಲಸ ಒಬ್ಬರಿಂದ ಆಗುವುದಿಲ್ಲ. ಒಂದೊಂದು ಕವಲಿಗೆ ಇಬ್ಬರು, ಅವರಲ್ಲಿ ಒಬ್ಬರು ಹೆಣ್ಣುಮಗಳು, ತಲಾ 15 ಮನೆ ಮೀರದಂತೆ. ದಿನಾಂಕವನ್ನು ಮೂರು ತಿಂಗಳು ಮುಂಚೆ ತಿಳಿಸಿ. ರೈಲಿನ ಮುಂಗಡ ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ. ವಾಟ್ಸಾಪ್ ಗುಂಪು ಸುದ್ದಿಗೆ ಸಾಕು, ಕರೆಗೆ ಸಾಲದು. ‘ಗ್ರೂಪಲ್ಲಿ ಹಾಕಿದರೆ ಕರೆದಹಾಗಾ?’ ಎಂಬ ಮಾತು ಬಂದೇ ಬರುತ್ತದೆ, ಅದು ನ್ಯಾಯವಾದ ಮಾತೂ ಹೌದು. ಇರುವವರಲ್ಲಿ ಹಿರಿಯರಾದ ದೊಡ್ಡಪ್ಪನೋ ಸೋದರತ್ತೆಯೋ ಮನೆಮನೆಗೆ ಫೋನ್ ಮಾಡಲಿ, ವಯಸ್ಸಿನಲ್ಲಿ ದೊಡ್ಡವರಿಗೆ ಮೊದಲು. ಹೆಣ್ಣು ಕೊಟ್ಟ ಮನೆಗೆ ಮೊದಲ ವರ್ಷವಾದರೂ ಖುದ್ದಾಗಿ ಹೋಗಿ ಅರಿಶಿನ ಕುಂಕುಮ ಕೊಟ್ಟು, ಅಳಿಯಂದಿರನ್ನೂ ಬೀಗರನ್ನೂ ಹೆಸರು ಹಿಡಿದು ಕರೆಯಬೇಕು. ಗಂಡ ತೀರಿಕೊಂಡ ಅತ್ತೆ, ಚಿಕ್ಕಮ್ಮಂದಿರಿಗೆ ಬೇರೆಯಾಗಿಯೇ ಕರೆ ಹೋಗಲಿ. ಮಗನಿಗೆ ಹೇಳಿದರೆ ಆಯಿತು ಅಂದುಕೊಳ್ಳುವುದರಿಂದಲೇ ಅವರು ಬರದೇ ಉಳಿಯುತ್ತಾರೆ. ಹದಿನೈದು ದಿನ ಇರುವಾಗ ಮತ್ತೊಮ್ಮೆ ವಿಚಾರಿಸಿ, ಮೂರು ದಿನ ಇರುವಾಗ ಎಲೆಯ ಲೆಕ್ಕ ಅಡುಗೆಯವರಿಗೆ ಕೊಡಿ.

ಅವತ್ತು ವಂಶವೃಕ್ಷವನ್ನು ಫ್ಲೆಕ್ಸ್ ಮಾಡಿಸಿ ನೇತುಹಾಕಬೇಡಿ. ಅದರ ಮೇಲೆ ಪೆನ್ಸಿಲ್ ಹತ್ತುವುದಿಲ್ಲ, ಮುಗಿದುಹೋದ ಕೆಲಸದಂತೆ ಕಂಡು ಯಾರೂ ತಪ್ಪು ಹೇಳುವುದಿಲ್ಲ. ಕವಲಿಗೊಂದರಂತೆ ಎ3 ಹಾಳೆಯಲ್ಲಿ, ಅಂಚು ಅಗಲ ಬಿಟ್ಟು, ಅಕ್ಷರ ದಪ್ಪ ಮಾಡಿ, ಕೂತವರ ಕಣ್ಣಿನ ಎತ್ತರಕ್ಕೆ ಅಂಟಿಸಿ ಪಕ್ಕದಲ್ಲಿ ಪೆನ್ಸಿಲ್ ಕಟ್ಟಿ. ತಿದ್ದಿದವರು ಪಕ್ಕದಲ್ಲಿ ತಮ್ಮ ಸಂಖ್ಯೆ ಬರೆಯಲಿ, ಆಮೇಲೆ ಕೇಳಲು ಬೇಕಾಗುತ್ತದೆ. ಅಜ್ಜಿಯರ ಪಕ್ಕ ಒಬ್ಬ ಹುಡುಗಿಯನ್ನು ಮೊಬೈಲ್ ರೆಕಾರ್ಡಿಂಗ್ ಹಾಕಿ ಕೂರಿಸಿ.

ಕೆಲವು ಮನೆಗಳಲ್ಲಿ ಅಕ್ಕತಂಗಿಯರ ಹೆಸರು ಹಾಕಲು ಹಿಂಜರಿಯುತ್ತಾರೆ. ಕಾರಣ ಆಸ್ತಿ: ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಇದೆ. ಅವರ ಹಕ್ಕು ಕಾನೂನಿನಿಂದ ಬಂದದ್ದು, ನಿಮ್ಮ ಹಾಳೆಯಲ್ಲಿ ಹೆಸರು ಬಿಟ್ಟರೆ ಹೋಗುವುದಿಲ್ಲ ಎಂದು ತಾಳ್ಮೆಯಿಂದ ಹೇಳಿ. ಪ್ರತಿ ಹಾಳೆಯ ಕೆಳಗೆ ‘ಇದು ಕುಟುಂಬದ ತಿಳಿವಳಿಕೆಗಾಗಿ, ಆಸ್ತಿಯ ದಾಖಲೆಯಲ್ಲ’ ಎಂದು ಅಚ್ಚು ಹಾಕಿಸಿ. ಹೆಸರು ಮಾತ್ರ ಬಿಡಬೇಡಿ.

ಹಂಚುವ ಪ್ರತಿಯಲ್ಲಿ ಬದುಕಿರುವವರ ಹೆಸರು, ಊರು ಸಾಕು. ಹುಟ್ಟಿದ ತಾರೀಖು, ಫೋನ್ ನಂಬರು ಕವಲಿನ ಇಬ್ಬರ ಹತ್ತಿರವೇ ಇರಲಿ. ತಿದ್ದುಪಡಿ ಸೇರಿಸಿದ ಪಿಡಿಎಫ್ ಒಂದು ತಿಂಗಳೊಳಗೆ ಹೋಗಲಿ, ಮೇಲೆ ತಾರೀಖು ಹಾಕಿ. ಮೊಬೈಲ್ ನೋಡದ ಹಿರಿಯರಿಗೆ ಅವರ ಕವಲಿನ ಹಾಳೆಯನ್ನು ಅಚ್ಚು ಮಾಡಿಸಿ ಅಂಚೆಯಲ್ಲಿ ಕಳಿಸಿ.